ಅವರೆಕಾಯಿ ಬೆಳೆದವರ ಹೆಸರು

2023ರ ಮಾರ್ಚ್. ಆಗ ನಾನು ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ, ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿದ್ದ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕಿರಿಯ ತೆರಿಗೆ ಸಲಹೆಗಾರನಾಗಿದ್ದೆ. ಕಿರಿಯ ಎಂದ ಮಾತ್ರಕ್ಕೆ ನನ್ನ ಮೇಲೆ ಹತ್ತು ಜನ ಹಿರಿಯರಿದ್ದರು ಎಂದು ತಿಳಿಯಬೇಡಿ. ಆಫೀಸಿನಲ್ಲಿ ಇದ್ದದ್ದೇ ಮೂವರು: ಮಾಲೀಕರಾದ ಶ್ರೀಪತಿ ಅಂಕಲ್, ನಾನು, ಮತ್ತು ಒಂದು ಪ್ರಿಂಟರ್. ಮುನಿಸಿಕೊಂಡರೆ ಉಳಿದಿಬ್ಬರೂ ಹೆದರುತ್ತಿದ್ದದ್ದು ಪ್ರಿಂಟರಿಗೆ ಮಾತ್ರ. ನಾನು ಎನ್ರೋಲ್ಡ್ ಏಜೆಂಟ್ ಪರೀಕ್ಷೆ ಪಾಸಾಗಿ ಒಂದೂವರೆ ವರ್ಷವಾಗಿತ್ತು. ಅಂದರೆ, ತೆರಿಗೆ ಇಲಾಖೆಯ ಮುಂದೆ ಗ್ರಾಹಕರ ಪರವಾಗಿ ನಿಂತು ವಾದಿಸಲು ಫೆಡರಲ್ ಸರ್ಕಾರ ಕೊಡುವ ಪರವಾನಗಿ ನನ್ನ ಹೆಸರಿನಲ್ಲಿತ್ತು. ವಾದಿಸುವ ಧೈರ್ಯವನ್ನು ಮಾತ್ರ ಸರ್ಕಾರ ಕೊಟ್ಟಿರಲಿಲ್ಲ.

ನನ್ನ ಎರಡನೆಯ ಉದ್ಯೋಗ ಮಿಮಿಕ್ರಿ. ಅದಕ್ಕೆ ಪರವಾನಗಿ ಬೇಕಿಲ್ಲ, ತೆರಿಗೆಯೂ ಇಲ್ಲ, ಯಾಕೆಂದರೆ ಸಂಬಳವೂ ಇಲ್ಲ. ಪಕ್ಕದ ರಾಜ್ಯದ ಜೆರಿಕೋದಲ್ಲಿ ಯಾರದೋ ಮನೆಯ ಬೇಸ್‌ಮೆಂಟ್ ದೀಪಾವಳಿಯಾಗಲಿ, ಎಲ್ಲರೂ ಒಂದೊಂದು ಅಡುಗೆ ತರುವ ಇಲ್ಲಿನ ಯುಗಾದಿ ಪಾಟ್‌ಲಕ್ ಆಗಲಿ, ಹೋಳಿಗೆ ಬಡಿಸುವ ಹೊತ್ತಿಗೆ ಯಾರಾದರೂ ಕೂಗುತ್ತಿದ್ದರು: "ಪ್ರಮೋದ, ಶ್ರೀಪತಿ ಅಂಕಲ್ ಮಾಡೋ!" ನಾನು ಕನ್ನಡಕವನ್ನು ಹಣೆಗೆ ಏರಿಸಿ, ಮೂಗನ್ನು ಎರಡು ಸಲ ಎಳೆದು, ತೊಡೆ ತಟ್ಟಿ ಹೇಳುತ್ತಿದ್ದೆ: "ಸೊನ್ನೆ ಮಾಡ್ಕೊಡ್ತೀನಿ, ಸುಮ್ನಿರಿ!" ಮನೆ ಬಿದ್ದುಹೋಗುವಂತೆ ನಗು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಶ್ರೀಪತಿ ಅಂಕಲ್ಲೇ. ನಮ್ಮ ಜನ ಅವರ ಹತ್ತಿರ ಬರುತ್ತಿದ್ದದ್ದೇ ಆ ಸೊನ್ನೆಗಾಗಿ. ಇಪ್ಪತ್ತು ವರ್ಷ ಐಟಿಯಲ್ಲಿ ದುಡಿದವರು ಮಗಳ ಗ್ರ್ಯಾಜುಯೇಶನ್ ಬಗ್ಗೆ ಮಾತಾಡುವಷ್ಟೇ ಹೆಮ್ಮೆಯಿಂದ "ಈ ಸಲ ಏನೂ ಕಟ್ಟಲಿಲ್ಲ" ಎನ್ನುತ್ತಿದ್ದರು.

ಆ ನಗುವನ್ನು ನೆನೆದರೆ ಈಗ ಮೈ ಉರಿಯುತ್ತದೆ. ಯಾರ ಮೇಲೆ ಕೋಪಿಸಿಕೊಳ್ಳಬೇಕೋ ಅವರ ಪಟ್ಟಿ ಮಾಡಿದರೆ ಅದರಲ್ಲಿ ನನ್ನ ಹೆಸರು ಎರಡನೆಯದು.

ಮಾರ್ಚ್ ನಮ್ಮ ಕಸುಬಿನಲ್ಲಿ ಉಸಿರಾಡಲು ಅಪಾಯಿಂಟ್‌ಮೆಂಟ್ ಬೇಕಾದ ತಿಂಗಳು. ಒಂದು ಮಂಗಳವಾರ ಬೆಳಿಗ್ಗೆ ಫೋನ್ ಬಂತು.

"ಶ್ರೀಪತಿಯವ್ರ ಆಫೀಸಾ? ನಾನು ರತ್ನ ಕಣಪ್ಪ. ಅವರೆಕಾಯಿ ರತ್ನ."

ಅವರೆಕಾಯಿ ಎಂದಮೇಲೆ ಬೇರೆ ಗುರುತು ಬೇಕಿರಲಿಲ್ಲ. ರತ್ನಾ ಆಂಟಿ ಮದ್ದೂರಿನ ಕಡೆಯವರು. ಮಾರಿಸ್‌ಟೌನ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ದೂರದಲ್ಲಿ ಮೂರು ಎಕರೆ ಲೀಸ್‌ಗೆ ಹಿಡಿದು, ಎರಡು ಪ್ಲಾಸ್ಟಿಕ್ ಗ್ರೀನ್‌ಹೌಸ್ ಹಾಕಿಕೊಂಡು, 2016ರಿಂದ ದಂಟಿನಸೊಪ್ಪು, ಮೆಂತ್ಯ, ಹೀರೇಕಾಯಿ, ಅವರೆ ಬೆಳೆಯುತ್ತಿದ್ದರು. ಅವರೆಗೆ ಇಲ್ಲಿ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವ ಮನಸ್ಸಾಗುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಹೂವು, ಅಕ್ಟೋಬರಿನಲ್ಲಿ ಕಾಯಿ, ಅಷ್ಟರಲ್ಲಿ ಹಿಮ ಬಂದರೆ ಎಲ್ಲ ಮುಗಿಯಿತು. ಆ ಮೂರು ವಾರಗಳಲ್ಲಿ ಮೂರು ರಾಜ್ಯಗಳ ಕನ್ನಡಿಗರು ಅವರ ಹೊಲದ ಗೇಟಿಗೆ ಕಾರು ತಂದು ನಿಲ್ಲಿಸುತ್ತಿದ್ದರು. ನಮ್ಮ ಆಫೀಸಿಗೂ ಪ್ರತಿ ವರ್ಷ ಒಂದು ಚೀಲ ಬರುತ್ತಿತ್ತು. ತರುತ್ತಿದ್ದವರು ಅವರ ಗಂಡ ಶೇಖರ್ ಅಂಕಲ್, ಇಲ್ಲಿನ ಒಂದು ಕಂಪನಿಯಲ್ಲಿ ಡೇಟಾಬೇಸ್ ಆರ್ಕಿಟೆಕ್ಟ್. ಟ್ಯಾಕ್ಸಿನ ಕಾಗದ ತರುತ್ತಿದ್ದವರೂ ಅವರೇ. ರತ್ನಾ ಆಂಟಿ ಆಫೀಸಿಗೆ ಒಮ್ಮೆಯೂ ಬಂದಿರಲಿಲ್ಲ. ಅವರ ಕೈರುಚಿ ಗೊತ್ತಿತ್ತು, ಸಹಿ ಗೊತ್ತಿತ್ತು, ದನಿ ಗೊತ್ತಿರಲಿಲ್ಲ.

"ಆಂಟಿ, ಹೇಗಿದೀರಾ? ಬಿದ್ರಿ ಅಂತ ಕೇಳ್ದೆ."

"ಬಿದ್ದೆ. ಜನವರೀಲಿ ಗ್ರೀನ್‌ಹೌಸ್ ಪ್ಲಾಸ್ಟಿಕ್ ಹಾರೋಗಿತ್ತು, ಬಿಗೀಮಾಡಾನ ಅಂತ ಏಣಿ ಹತ್ತಿದೆ. ಏಣಿ ಅಲ್ಲೇ ನಿಂತಿತ್ತು, ನಾನು ಕೆಳಗಿದ್ದೆ. ಮ್ಯಾನ್‌ಹಟನ್‌ನಾಗೆ ಬೆನ್ನು ಕುಯ್ದು ರಾಡ್ ಹಾಕವ್ರೆ. ಈಗ ರಿಹ್ಯಾಬ್‌ನಲ್ಲಿದೀನಿ, ನಡೆಯೋದ್ ಕಲಿಸ್ತಾವ್ರೆ. ಹತ್ತು ನಿಮಿಷ ನಿಂತ್ರೆ ಕಾಲು ನಂದಲ್ಲ ಅನ್ಸುತ್ತೆ. ಅದಿರ್ಲಿ, ಒಂದು ಕಾಗ್ದ ಬಂದೈತೆ, ಓದ್ತೀನಿ ಕೇಳು."

ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಬ್ಬರು ಅವರ ಕೈಲಿ ಸೋಶಿಯಲ್ ಸೆಕ್ಯುರಿಟಿಯ, ಅಂದರೆ ಸರ್ಕಾರದ ಪಿಂಚಣಿ ನಿಧಿಯ, ಡಿಸೆಬಿಲಿಟಿ ಪಿಂಚಣಿಗೆ ಅರ್ಜಿ ಹಾಕಿಸಿದ್ದರು. ಅದು ತಿರಸ್ಕೃತವಾಗಿ ಬಂದಿತ್ತು. ಬೆನ್ನು ಸರಿಯಿದೆ ಎಂದಲ್ಲ. ಬೆನ್ನಿನ ವಿಷಯಕ್ಕೆ ಅವರು ಬಂದೇ ಇರಲಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ನಿಮಗೆ ಇಪ್ಪತ್ತು ಕ್ರೆಡಿಟ್ ಇರಬೇಕು, ಇರುವುದು ಏಳು ಎಂದು ಬರೆದಿದ್ದರು.

"ಏಳು ಯಾವ್ದು ಅಂತ ನಂಗೊತ್ತು ಮಗ. ಮೊದ್ಲು ಔಷಧಿ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಲ್ಯಾಬ್‌ನಾಗಿದ್ನಲ್ಲ, ಅದರ ಬಾಲ ಅದು. ನಾನು ಕೇಳ್ತಿರೋದು, ಆಮೇಲಿಂದು? ಏಳು ವರ್ಷ ಬೇಸಾಯ ಮಾಡಿದೀನಿ. ಆ ವರ್ಷಗಳೆಲ್ಲ ಎಲ್ಲೋದ್ವು?"

ನಾನು ಹೇಳಿದೆ: "ನೋಡಿ ಹೇಳ್ತೀನಿ ಆಂಟಿ."

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಓಡಿಹೋಗಬೇಡಿ. ಅಮೆರಿಕದಲ್ಲಿ ದುಡಿಯುವವರಿಗೆ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸೋಶಿಯಲ್ ಸೆಕ್ಯುರಿಟಿ ಕ್ರೆಡಿಟ್ ಸಿಗುತ್ತದೆ. ನಲವತ್ತು ಕೂಡಿದರೆ ಮುಪ್ಪಿನಲ್ಲಿ ಸ್ವಂತ ಪಿಂಚಣಿ. ಮಧ್ಯದಲ್ಲಿ ಕೈಕಾಲು ಸೋತರೆ ಡಿಸೆಬಿಲಿಟಿ ಪಿಂಚಣಿ ಸಿಗಲು, ಸಾಮಾನ್ಯವಾಗಿ ಕಳೆದ ಹತ್ತು ವರ್ಷಗಳಲ್ಲಿ ಇಪ್ಪತ್ತು ಬೇಕು. ಮುಪ್ಪಿನ ಪಿಂಚಣಿಯಲ್ಲಾದರೆ ಗಂಡನ ಲೆಕ್ಕದ ಆಸರೆಯಲ್ಲಿ ಹೆಂಡತಿಗೂ ಒಂದು ಪಾಲು ಉಂಟು. ಡಿಸೆಬಿಲಿಟಿಯಲ್ಲಿ ಅದಿಲ್ಲ. ಯಾರ ಬೆನ್ನು ಮುರಿಯಿತೋ ಅವರ ದುಡಿಮೆಯೇ ಲೆಕ್ಕ. ಸಂಬಳದವರಿಗೆ ಈ ತೆರಿಗೆಯನ್ನು ಕಂಪನಿಯೇ ಹಿಡಿದು ಕಟ್ಟುತ್ತದೆ. ರೈತರು, ಸ್ವಂತ ದುಡಿಮೆಯವರು ಮಾತ್ರ ತಾವೇ ರಿಟರ್ನ್‌ನಲ್ಲಿ ತೋರಿಸಿ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಎಂದು ಕಟ್ಟಬೇಕು: ಸೋಶಿಯಲ್ ಸೆಕ್ಯುರಿಟಿಗೆ 12.4 ಪರ್ಸೆಂಟ್, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ 2.9, ಒಟ್ಟು 15.3. ಕಟ್ಟಿದವರ ಹೆಸರಿಗೆ ಕ್ರೆಡಿಟ್. ಕಟ್ಟದವರ ಹೆಸರಿಗೆ ಗಾಳಿ.

ಫೈಲ್ ತೆರೆದೆ. ಹೊಲದ ಆದಾಯ ತೋರಿಸುವ ಶೆಡ್ಯೂಲ್ ಎಫ್‌ನ ತಲೆಯ ಮೇಲೆ 'ಮಾಲೀಕರ ಹೆಸರು' ಎಂಬ ಜಾಗ. ಅಲ್ಲಿ ಇದ್ದದ್ದು ಶೇಖರ್ ಅಂಕಲ್ ಹೆಸರು. 2016ರಲ್ಲೂ ಅವರೇ, 2021ರಲ್ಲೂ ಅವರೇ. ಅವರೆಗಿಡಕ್ಕೆ ಹತ್ತಿರ ಹೋದರೆ ಸೀನು ಬರುವ ಮನುಷ್ಯ! ಕೊನೆಯ ಪುಟದಲ್ಲಿ ಇಬ್ಬರ ಸಹಿಯ ಪಕ್ಕ ಉದ್ಯೋಗ ಬರೆಯುವ ಖಾನೆ. ಅವರದು 'ಸಾಫ್ಟ್‌ವೇರ್ ಇಂಜಿನಿಯರ್'. ಮೂರು ಎಕರೆಯನ್ನು ಒಬ್ಬರೇ ಉತ್ತು ಬಿತ್ತಿದ ಹೆಂಗಸಿನದು 'ಹೋಮ್‌ಮೇಕರ್'.

ಇದು ಕೈತಪ್ಪಲ್ಲ, ಕೈಚಳಕ. ಸೋಶಿಯಲ್ ಸೆಕ್ಯುರಿಟಿ ತೆರಿಗೆಗೆ ಒಂದು ಗೆರೆಯಿದೆ. ಒಬ್ಬರ ದುಡಿಮೆ ಆ ಗೆರೆ ದಾಟಿದ ಮೇಲೆ 12.4 ಪರ್ಸೆಂಟ್ ನಿಂತುಹೋಗುತ್ತದೆ. 2019ರಲ್ಲಿ ಆ ಗೆರೆ 1,32,900 ಡಾಲರ್. ಶೇಖರ್ ಅಂಕಲ್ ಸಂಬಳ ಪ್ರತಿ ವರ್ಷ ಗೆರೆಯ ಆಚೆಗಿತ್ತು. ಹೊಲವನ್ನೂ ಅವರ ಹೆಸರಿಗೆ ಬರೆದುಬಿಟ್ಟರೆ ಹೊಲದ ಲಾಭಕ್ಕೆ ಬರೀ 2.9 ಕಟ್ಟಿದರೆ ಸಾಕು. ಶ್ರೀಪತಿ ಅಂಕಲ್ ಕಂಡುಹಿಡಿದ ಸೊನ್ನೆ ಇದು. ದುಡಿದವರ ಹೆಸರಿನಲ್ಲೇ ತೋರಿಸಬೇಕು ಎಂಬುದು ಕಾನೂನು. ನಮ್ಮ ಆಫೀಸಿನಲ್ಲಿ ಕಾನೂನಿಗಿಂತ ಕೈಚಳಕಕ್ಕೆ ಚಪ್ಪಾಳೆ ಜಾಸ್ತಿ.

ಇಷ್ಟಕ್ಕೇ ನಿಂತಿದ್ದರೆ ನಾನು ನೆಮ್ಮದಿಯಾಗಿ ಇನ್ನೊಬ್ಬರ ಮೇಲೆ ರೇಗಿ ಮುಗಿಸುತ್ತಿದ್ದೆ. ಆದರೆ 2020 ಮತ್ತು 2021ರ ರಿಟರ್ನ್ ತಯಾರಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು. ಹೋದ ವರ್ಷದ ಫೈಲನ್ನು ಈ ವರ್ಷಕ್ಕೆ ಉರುಳಿಸುವ ಒಂದು ಬಟನ್ ಸಾಫ್ಟ್‌ವೇರ್‌ನಲ್ಲಿದೆ. ಒತ್ತಿದರೆ ಹೆಸರು, ವಿಳಾಸ, ಉದ್ಯೋಗ ಎಲ್ಲ ತಾವಾಗಿಯೇ ಬರುತ್ತವೆ. ಒತ್ತಿದ್ದೆ. ಆ ಬಟನ್ ಒತ್ತುವಾಗ ಮೇಜಿನ ಮೇಲಿನ ಡಬ್ಬಿಯಲ್ಲಿ, ಅಕ್ಟೋಬರಿನಲ್ಲಿ ಸುಲಿದು ಫ್ರೀಜರ್‌ನಲ್ಲಿಟ್ಟಿದ್ದ ಅವರ ಅವರೆಕಾಳಿನ ಸಾರು ಇತ್ತು, ಅದನ್ನು ತಿಂದುಕೊಂಡೇ ಕೆಲಸ ಮಾಡಿದ್ದೆ. ಅವರೆ ಯಾರು ಬೆಳೆದರು ಎಂದು ಸಂಕ್ರಾಂತಿಗೆ ಬಂದ ಮಕ್ಕಳಿಗೂ ಗೊತ್ತಿತ್ತು. ತಿಂದ ನಾನು 'ಹೋಮ್‌ಮೇಕರ್' ಎಂಬುದನ್ನು ಹಾಗೇ ಮುಂದಕ್ಕೆ ದಾಟಿಸಿದ್ದೆ. ಮಿಮಿಕ್ರಿಯವನ ಹಣೆಬರಹ: ಬೇರೆಯವರು ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡುವುದು.

ಮಧ್ಯಾಹ್ನ ಶ್ರೀಪತಿ ಅಂಕಲ್ ಮೊಸರನ್ನದ ಡಬ್ಬಿ ತೆರೆಯುವ ಹೊತ್ತಿಗೆ ಹೋಗಿ ನಿಂತೆ. ವಿಷಯ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿದರು. ಮೂಗು ಎಳೆದರು. ಆ ದಿನ ಅದು ನಗುವ ವಿಷಯವಾಗಿರಲಿಲ್ಲ.

"ಜಾಯಿಂಟ್ ರಿಟರ್ನ್ ಕಣೋ. ಗಂಡ ಹೆಂಡ್ತಿ ಅಂದ್ಮೇಲೆ ಅವಂದು ಇವಳದು ಅಂತ ಉಂಟೇನೋ?"

"ರಿಟರ್ನ್ ಜಾಯಿಂಟ್, ಅಂಕಲ್. ಬೆನ್ನುಮೂಳೆ ಜಾಯಿಂಟ್ ಅಲ್ಲ."

"ನಂಗೇ ಡೈಲಾಗ್ ಹೊಡೀತೀಯಾ? ಆರು ವರ್ಷ ಆ ಮನೆಗೆ ಎಷ್ಟು ಉಳಿಸಿದೀನಿ ಗೊತ್ತಾ?"

"ಆ ಮನೆಗೆ ಉಳಿಸಿದ್ರಿ. ಅವರದ್ದನ್ನ ತೆಗೆದು ಆ ಮನೆಗೆ ಉಳಿಸಿದ್ರಿ. ಒಂದ್ಸಲನಾದ್ರೂ ಅವರನ್ನ ಕೇಳಿದ್ರಾ?"

"ಕೇಳೋದೇನು? ಆಯಮ್ಮ ಖುಷಿಗೆ ತೋಟ ಮಾಡ್ಕೊಂಡಿದ್ರು. ಹಾಬಿ."

ಹಾಬಿ! ಹಿಮ ಬೀಳುವ ಮೊದಲು ಕಾಯಿ ಬಿಡಿಸಬೇಕೆಂದು ಹಣೆಗೆ ಟಾರ್ಚು ಕಟ್ಟಿಕೊಂಡು ಹೊಲದಲ್ಲಿ ನಿಲ್ಲುವುದು ಹಾಬಿ. ಭಾನುವಾರ ಗಾಲ್ಫ್ ಆಡಲು ಹೋಗಿ ಚೆಂಡು ಕಳೆದುಕೊಂಡು ಬರುವುದು ನೆಟ್‌ವರ್ಕಿಂಗ್. ಈ ದೇಶಕ್ಕೆ ಬಂದಮೇಲೆ ನಮ್ಮವರು ಏನೇನೋ ಬಿಟ್ಟರು. ಹೆಂಗಸಿನ ದುಡಿಮೆಗೆ ಬೇರೆ ಹೆಸರಿಡುವುದನ್ನು ಮಾತ್ರ ಲಗೇಜಿನಲ್ಲಿ ಜೋಪಾನವಾಗಿ ತಂದರು. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದಿಷ್ಟೇ: "ತಿದ್ದುಪಡಿ ರಿಟರ್ನ್ ಹಾಕೋಣ."

ಆಗ ಅವರು ಡಬ್ಬಿ ಮುಚ್ಚಿದರು. ದನಿ ತಗ್ಗಿಸಿದರು. "ಇವರದೊಂದು ಹಾಕಿದ್ರೆ, ಉಳಿದವರು ಬರ್ತಾರೆ ಕಣೋ. ಬ್ಯೂಟಿ ಪಾರ್ಲರ್ ಸುಧಾ, ಡೇಕೇರ್ ನಡೆಸೋ ಮಾಲಿನಿ, ಕೇಟರಿಂಗ್‌ನವ್ರು. ಎಲ್ರದ್ದೂ ಹಂಗೇ ಮಾಡಿದೀನಿ. ನಾನು ಸೈನ್ ಹಾಕಲ್ಲ."

ಮೊದಲ ಬಾರಿಗೆ ಆ ಸೊನ್ನೆ ಎಷ್ಟು ದೊಡ್ಡದು ಎಂದು ಅರ್ಥವಾಯಿತು. "ಹಾಗಾದ್ರೆ ನಾನು ಹಾಕ್ತೀನಿ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಮಿಮಿಕ್ರಿಯಂತೆ ಕೇಳಿಸಿತು.

ಆದರೆ ಕ್ಯಾಲೆಂಡರ್ ನಮ್ಮ ಪರವಾಗಿರಲಿಲ್ಲ. ಸ್ವಂತ ದುಡಿಮೆಯ ಆದಾಯವನ್ನು ಸೋಶಿಯಲ್ ಸೆಕ್ಯುರಿಟಿ ದಾಖಲೆಗೆ ಸೇರಿಸಲು ಒಂದು ಗಡುವಿದೆ: ಆ ವರ್ಷ ಮುಗಿದು ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನ. ದಾಟಿದರೆ, ನೀವು ನಿಜವಾಗಿ ದುಡಿದಿದ್ದರೂ ಆ ವರ್ಷ ಸಾಮಾನ್ಯವಾಗಿ ಮತ್ತೆ ಸಿಗುವುದಿಲ್ಲ. 2016, 17, 18 ಆಗಲೇ ಹೋಗಿದ್ದವು. ಮೂರು ವರ್ಷದ ಬೇಸಾಯ, ಯಾರೂ ಮಾಡಲೇ ಇಲ್ಲವೆಂಬಂತೆ. 2019ರ ಬಾಗಿಲು ಮುಚ್ಚುವುದು 2023ರ ಏಪ್ರಿಲ್ 15ಕ್ಕೆ. 2022ರ ರಿಟರ್ನ್ ಇನ್ನೂ ಹಾಕಿರಲಿಲ್ಲ. ಆಂಟಿಗೆ ಏಳು ಇದ್ದವು, ಬೇಕಾದದ್ದು ಇಪ್ಪತ್ತು. 2020, 21, 22 ಸರಿಪಡಿಸಿದರೆ ಹನ್ನೆರಡು ಸೇರಿ ಹತ್ತೊಂಬತ್ತು. ಒಂದು ಕಮ್ಮಿ! 2019 ಸಿಕ್ಕರೆ ಇಪ್ಪತ್ತಮೂರು. ಫ್ಯಾಕ್ಟರಿಯ ಹಳೆಯ ವರ್ಷಗಳನ್ನೂ ಕೂಡಿದರೆ ಸರಿಯಾಗಿ ನಲವತ್ತು, ಅಂದರೆ ಮುಪ್ಪಿನ ಪಿಂಚಣಿಯೂ ಅವರದೇ ಹೆಸರಿನಲ್ಲಿ. ಎಲ್ಲವೂ 2019 ಎಂಬ ಒಂದು ಗೂಟಕ್ಕೆ ಕಟ್ಟಿತ್ತು.

ಆ ಗೂಟ ಅಲ್ಲಾಡುತ್ತಿತ್ತು. 2019ರಲ್ಲಿ ಅವರ ಅವರೆ ಹೂ ಬಿಟ್ಟ ವಾರವೇ ಹೊಲದಲ್ಲಿ ಹಿಮ ಬಿದ್ದು ಫಸಲು ಕಪ್ಪಾಗಿತ್ತು. ಮಾರಾಟ ಹನ್ನೆರಡು ಸಾವಿರ ಡಾಲರ್‌ನಷ್ಟು. ಬೀಜ, ಗೊಬ್ಬರ, ಬಾಡಿಗೆ ಕಳೆದರೆ ಲಾಭ ಮುನ್ನೂರು ಚಿಲ್ಲರೆ. ನಾನೂರರ ಒಳಗಿದ್ದರೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಆ ಸಂಜೆ ನಿಯಮಗಳ ಪುಸ್ತಕದಲ್ಲಿ, ಪರೀಕ್ಷೆಗೆ ಓದಿ ಮರೆತಿದ್ದ ಒಂದು ಪ್ಯಾರಾ ಸಿಕ್ಕಿತು: ಫಾರ್ಮ್ ಆಪ್ಷನಲ್ ಮೆಥಡ್. ಬೆಳೆ ಕೈಕೊಟ್ಟ ವರ್ಷ ರೈತರು ತಮ್ಮ ಒಟ್ಟು ಮಾರಾಟದ ಮೂರರಲ್ಲಿ ಎರಡು ಭಾಗವನ್ನು, ಒಂದು ಮಿತಿಯವರೆಗೆ, ಗಳಿಕೆಯೆಂದು ತಾವಾಗಿಯೇ ತೋರಿಸಿ ತೆರಿಗೆ ಕಟ್ಟಬಹುದು. 2019ಕ್ಕೆ ಆ ಮಿತಿ 5,440 ಡಾಲರ್, ಸರಿಯಾಗಿ ನಾಲ್ಕು ಕ್ರೆಡಿಟ್‌ಗೆ ಬೇಕಾದಷ್ಟು. ತಿದ್ದುಪಡಿ ರಿಟರ್ನ್‌ನಲ್ಲೂ ಇದನ್ನು ಆರಿಸಿಕೊಳ್ಳಬಹುದು. ಕಟ್ಟಬೇಕಾದದ್ದು 832 ಡಾಲರ್. ಗಳಿಸದ ದುಡ್ಡಿಗೆ ಬೇಕೆಂದೇ ತೆರಿಗೆ ಕಟ್ಟುವುದು! ಶ್ರೀಪತಿ ಅಂಕಲ್‌ರ ಆಫೀಸಿನಲ್ಲಿ ಇದು ದೇವರಮನೆಯಲ್ಲಿ ಆಮ್ಲೆಟ್ ಮಾಡಿದ ಹಾಗೆ.

ಇನ್ನು ಶೇಖರ್ ಅಂಕಲ್. ಜನವರಿ ಕೊನೆಯಲ್ಲಿ ಅವರ ಕಂಪನಿ ಅವರ ಇಡೀ ತಂಡವನ್ನು ಒಂದು ಈಮೇಲ್‌ನಲ್ಲಿ ಮನೆಗೆ ಕಳಿಸಿತ್ತು. ಹೆಂಡತಿ ಆಸ್ಪತ್ರೆಯಲ್ಲಿ, ಹೆಲ್ತ್ ಇನ್ಶೂರೆನ್ಸ್ ಉಳಿಸಿಕೊಳ್ಳಲು ಪ್ರತಿ ತಿಂಗಳು ಕೈಯಿಂದ ಕಟ್ಟಬೇಕು. ಡಿಸೆಬಿಲಿಟಿ ಪಿಂಚಣಿ ಸಿಕ್ಕರೆ ತಿಂಗಳ ದುಡ್ಡಷ್ಟೇ ಅಲ್ಲ, ಎರಡು ವರ್ಷ ಪಡೆದ ಮೇಲೆ ಆಂಟಿಗೆ ಮೆಡಿಕೇರ್ ಕೂಡ ಬರುತ್ತದೆ. ಅವರ ಅಡುಗೆಮನೆಯಲ್ಲಿ ಕೂತು ಎಲ್ಲ ವಿವರಿಸಿದೆ. ಅವರು ಕಾಫಿ ಲೋಟವನ್ನು ತಿರುಗಿಸುತ್ತಲೇ ಇದ್ದರು.

"ತಿದ್ದುಪಡಿ ಅಂದ್ರೆ ಆಡಿಟ್ ಬರುತ್ತೆ ಅಂತಾರಲ್ಲ, ಪ್ರಮೋದ. ಈಗ ಕೆಲಸ ಬೇರೆ ಇಲ್ಲ. ಕೆಣಕೋದ್ಯಾಕೆ?"

"ಬಂದ್ರೆ ನಾನಿದೀನಿ ಅಂಕಲ್. ನಿಜ ತಾನೇ ಬರೀತಿರೋದು?"

"ಒಂದು ಕ್ರೆಡಿಟ್ ಕಮ್ಮಿ ಅಂದ್ಯಲ್ಲ, ಹತ್ತೊಂಬತ್ತಕ್ಕೇ ಅಡ್ಜಸ್ಟ್ ಮಾಡ್ಕೊಳಲ್ವಾ ಅವ್ರು?"

ಇಪ್ಪತ್ತೆರಡು ವರ್ಷ ಅಮೆರಿಕದಲ್ಲಿದ್ದು, ಕೋಟಿ ಸಾಲಿನ ಡೇಟಾಬೇಸ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಹಿಡಿಯುವ ಮನುಷ್ಯ, ಕಷ್ಟ ಬಂದಾಗ ಆರ್‌ಟಿಒ ಆಫೀಸಿನ ಮುಂದೆ ನಿಂತವರ ಹಾಗೆ ಮಾತಾಡಿದರು. ರೇಗಿತು. ಮರುಕವೂ ಆಯಿತು. ರೇಗಿದ್ದೇ ಜಾಸ್ತಿ. "ಅಂಕಲ್, ಈ ಫಾರಂ ಮೇಲೆ ಅವರ ಉದ್ಯೋಗ ಏನಂತ ಇದೆ ಗೊತ್ತಾ?" ಎಂದು ಕೊನೆಯ ಪುಟ ಮುಂದಿಟ್ಟೆ.

ಓದಿದರು. "ನಾನು ನೋಡೇ ಇರ್ಲಿಲ್ಲ ಕಣೋ," ಎಂದರು. "ಅವಳು ಕೇಳ್ತಿದ್ಲು, ಏನಿದು ಅಂತ. ಸೈನ್ ಹಾಕು, ಕಳಿಸ್ಬೇಕು ಅಂತಿದ್ದೆ." ಎದ್ದು ಹೋಗಿ ಚೆಕ್ ಪುಸ್ತಕ ತಂದರು.

ನಾಳೆ ಇಲಾಖೆ ಪ್ರಶ್ನೆ ಕೇಳಿದರೆ ಹೊಲ ನಡೆಸಿದವರು ಆಂಟಿಯೇ ಎಂದು ತೋರಿಸಲು ದಾಖಲೆ ಬೇಕಿತ್ತು. ಶನಿವಾರ ಹೊಲಕ್ಕೆ ಡ್ರೈವ್ ಮಾಡಿದೆ. ಲೀಸ್ ಅವರ ಹೆಸರಿನಲ್ಲಿತ್ತು, ಅಂಗಡಿಗಳಿಗೆ ಕೊಟ್ಟ ಬಿಲ್ಲುಗಳಲ್ಲಿ ಅವರ ಸಹಿಯಿತ್ತು. ಅದಕ್ಕಿಂತ ದೊಡ್ಡ ನಿಧಿ ಶೆಡ್ಡಿನ ಗೋಡೆಯಲ್ಲಿತ್ತು: ಊರಿನಿಂದ ಪ್ರತಿ ವರ್ಷ ತರಿಸಿಕೊಂಡ ಕನ್ನಡ ಗೋಡೆ ಕ್ಯಾಲೆಂಡರ್‌ಗಳು, ಒಂದರ ಮೇಲೊಂದು, ಒಂದೇ ಮೊಳೆಗೆ. ತಾರೀಖಿನ ಚೌಕಗಳ ಒಳಗೆ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರ. 'ಹೀರೆ ಬೀಜ ಹಾಕಿದೆ.' 'ಪಂಪ್ ಕೆಟ್ಟಿತು, ನಾನೇ ಬಿಚ್ಚಿದೆ.' 'ಚಿತ್ತೆ ಮಳೆ ಇವತ್ತಿಂದ, ಇಲ್ಲಿ ಚಳಿ.' ನ್ಯೂಜೆರ್ಸಿಯ ಮಣ್ಣಿಗೆ ಮದ್ದೂರಿನ ಮಳೆನಕ್ಷತ್ರ ಹಿಡಿದು ಬೇಸಾಯ ಮಾಡುತ್ತಿದ್ದರು ಎಂದು ನಗು ಬಂತು. 2019ರ ಅಕ್ಟೋಬರಿನ ಒಂದು ಚೌಕದಲ್ಲಿ ಹೀಗಿತ್ತು: 'ಎಲ್ಲಾ ಹೋಯ್ತು. ಅವರಿಗೆ ಹೇಳಿಲ್ಲ, ರಿಲೀಸ್ ಇದೆ ಅಂತೆ.' ಅವರು ಎಂದರೆ ಗಂಡ. ರಿಲೀಸ್ ಎಂದರೆ ಸಾಫ್ಟ್‌ವೇರ್‌ನದು. ನಗು ನಿಂತಿತು. ಪ್ರತಿ ಪುಟದ ಫೋಟೋ ತೆಗೆದೆ.

2020 ಮತ್ತು 2021ರ ತಿದ್ದುಪಡಿಗಳು, 2022ರ ಹೊಸ ರಿಟರ್ನ್ ಕಂಪ್ಯೂಟರಿನಿಂದಲೇ ಹೋದವು. 2019ರದು ಹಳೆಯದಾದ್ದರಿಂದ ಕಾಗದದಲ್ಲೇ, ಇಬ್ಬರ ಶಾಯಿ ಸಹಿಯೊಂದಿಗೆ, ಅಂಚೆಯಲ್ಲೇ ಹೋಗಬೇಕಿತ್ತು. ಅದನ್ನು ಪ್ರಿಂಟ್ ಮಾಡಬೇಕಾದ ವಾರ ನಮ್ಮ ಪ್ರಿಂಟರ್ ಕೆಟ್ಟು ಕೂತು ತನ್ನ ಹಿರಿತನ ತೋರಿಸಿತು. ಅಷ್ಟರಲ್ಲಿ ಆಂಟಿಯನ್ನು ಸೋಂಕಿನಿಂದಾಗಿ ಮತ್ತೆ ಮ್ಯಾನ್‌ಹಟನ್ ಆಸ್ಪತ್ರೆಗೆ ಸೇರಿಸಿದರು. ಹೀಗೆ ಏಪ್ರಿಲ್ 14, ಶುಕ್ರವಾರ ಬಂತು. ಆಫೀಸಿನಲ್ಲಿ ರಜೆ ಕೇಳಿದೆ. ತೆರಿಗೆ ಋತುವಿನ ಕೊನೆಯ ಶುಕ್ರವಾರ ರಜೆ ಕೇಳುವವನನ್ನು ನಮ್ಮ ಕಸುಬಿನಲ್ಲಿ ಜಾತಿಯಿಂದ ಹೊರಗೆ ಹಾಕುತ್ತಾರೆ. ಶ್ರೀಪತಿ ಅಂಕಲ್ ತಲೆ ಎತ್ತದೆ, "ಹೋಗು. ಸೋಮವಾರ ಬರೋದು ಬೇಡ," ಎಂದರು.

ರೈಲಿನಲ್ಲಿ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೆಲಸ ಹೋದ ದುಃಖಕ್ಕೂ ಪುರುಸೊತ್ತಿರಲಿಲ್ಲ.

ಆಂಟಿಯನ್ನು ಮೊದಲ ಸಲ ನೋಡಿದ್ದು ಆವತ್ತು. ದನಿಗಿಂತ ಚಿಕ್ಕ ಆಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿನ ಕಪ್ಪು. ಮೂರು ತಿಂಗಳ ಆಸ್ಪತ್ರೆಯ ಸೋಪೂ ತೆಗೆದಿರಲಿಲ್ಲ. ಶೇಖರ್ ಅಂಕಲ್ ಮಂಚದ ತಲೆದೆಸೆಯನ್ನು ಮೇಲಕ್ಕೆತ್ತಿದರು.

"ನೀನೇನಾ ಎಲ್ರನ್ನೂ ಅಣಕ್ಸೋ ಹುಡ್ಗ? ನನ್ನೂ ಅಣಕ್ಸಿದೀಯಂತೆ?"

"ಇಲ್ಲ ಆಂಟಿ. ನಿಮ್ಮ ದನಿ ಕೇಳಿರ್ಲಿಲ್ವಲ್ಲ."

"ಅದೇ ತಪ್ಪು ಕಣ್ಲಾ ನೀನ್ ಮಾಡಿದ್ದು." ನಗುತ್ತಲೇ ಅಂದರು. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದೆ. ಆ ಬಟನ್, ಆ ಎರಡು ವರ್ಷ, ಆ ಪದ, ಮತ್ತೆ ಬಾರದ ಮೊದಲ ಮೂರು ವರ್ಷ. ಅವರು ಕೇಳಿಸಿಕೊಂಡರು. ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಮೊದ್ಲು ಡಿಪೆಂಡೆಂಟ್ ವೀಸಾ ಅಂತ ಎಂಟು ವರ್ಷ ಕೆಲ್ಸ ಮಾಡಂಗಿಲ್ಲ ಅಂದ್ರು. ಸರಿ, ಅದು ಅವ್ರ ದೇಶ, ಅವ್ರ ಕಾನೂನು. ಆಮೇಲೆ ಮಾಡಿದ್ ಕೆಲ್ಸನ ನೀವೇ ಇಲ್ಲ ಅಂದ್ಬುಟ್ರಿ. ನೀವು ನಮ್ಮೋರಲ್ವಾ?" ಪೆನ್ನು ಕೇಳಿದರು. "ಎಲ್ಲಿ, ಯಾವ ಜಾಗ?"

ಕೊನೆಯ ಪುಟ ತೋರಿಸಿದೆ. ಸಹಿಯ ಪಕ್ಕದ ಉದ್ಯೋಗದ ಖಾನೆಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರಗಳಲ್ಲಿ, ಫಾರ್ಮರ್ ಎಂದು ಬರೆದರು. ಖಾನೆ ಸಾಲಲಿಲ್ಲ. ಕೊನೆಯ ಅಕ್ಷರ ಗೆರೆ ದಾಟಿ ಗಂಡನ ಖಾನೆಯೊಳಗೆ ಕಾಲಿಟ್ಟಿತು. ಶೇಖರ್ ಅಂಕಲ್ ಅದರ ಕೆಳಗೆ ಸಹಿ ಹಾಕಿದರು.

ಹತ್ತಿರದ ಅಂಚೆ ಕಚೇರಿಗೆ ನಿಜವಾಗಿಯೂ ಓಡಿದೆ. ಸರ್ಟಿಫೈಡ್ ಮೇಲ್: ಮೊಹರಿನ ತಾರೀಖೇ ಸಲ್ಲಿಸಿದ ತಾರೀಖು. ಕೌಂಟರಿನ ಹೆಂಗಸು ಮೊಹರು ಒತ್ತಿದ ಮೇಲೂ ನಾನು ಕದಲದೆ ನಿಂತಿದ್ದೆ. "ತಾರೀಖು ಸರಿಯಾಗಿ ಬಿದ್ದಿದೆಯಾ?" ಎಂದು ಎರಡು ಸಲ ಕೇಳಿದೆ. ಆಕೆ ಮೊಹರನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದಳು. 14.

ತಿದ್ದುಪಡಿಗಳು ದಾಖಲೆಗೆ ಸೇರಲು ತಿಂಗಳುಗಳೇ ಹಿಡಿದವು. ಕ್ರೆಡಿಟ್ ಇಪ್ಪತ್ತಮೂರಾಯಿತು. ಹೊಸ ಅರ್ಜಿಯನ್ನು ಮೊದಲು 'ಕೂತು ಮಾಡುವ ಕೆಲಸ ಮಾಡಬಹುದಲ್ಲ' ಎಂದು ವೈದ್ಯಕೀಯ ಕಾರಣಕ್ಕೆ ತಳ್ಳಿಹಾಕಿದರು. ಮೇಲ್ಮನವಿ ಹಾಕಿದೆವು. ಮೊಹರು ಬಿದ್ದ ಹದಿನೇಳನೇ ತಿಂಗಳಿಗೆ ಪಿಂಚಣಿ ಮಂಜೂರಾಯಿತು. ಇಲಾಖೆ ಆಡಿಟ್ ಮಾಡಲಿಲ್ಲ, ಕ್ಯಾಲೆಂಡರ್ ಕೇಳಲೂ ಇಲ್ಲ. ಮಂಜೂರಾದ ಕಾಗದವನ್ನು ಆಂಟಿ ಫೋನಿನಲ್ಲಿ ಓದಿ ಹೇಳಿದಾಗ ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಹೊಲ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಆ ಮೂರು ವರ್ಷಗಳು ಯಾವ ಫಾರಂಗೂ ಸಿಗದೆ ಈಗಲೂ ಅಲ್ಲೇ, ಶೆಡ್ಡಿನ ಮೊಳೆಯಲ್ಲಿವೆ.

ಶ್ರೀಪತಿ ಅಂಕಲ್ ಈಗಲೂ ಪ್ರತಿ ಋತುವಿನಲ್ಲಿ ಸೊನ್ನೆ ಹಂಚುತ್ತಾರೆ. ಪಾರ್ಟಿಗಳಲ್ಲಿ ಸಿಕ್ಕರೆ ಮಾತಾಡಿಸುವುದಿಲ್ಲ. ಸುಧಾ ಆಂಟಿಯೂ ಮಾಲಿನಿ ಆಂಟಿಯೂ ನನ್ನನ್ನು ಹುಡುಕಿಕೊಂಡು ತಾವಾಗಿಯೇ ಬಂದರು. ಸುದ್ದಿ ಹರಡಿದ್ದು ನಾನಲ್ಲ, ರತ್ನಾ ಆಂಟಿ, ಮಲಗಿದ ಹಾಸಿಗೆಯಿಂದಲೇ, ವಾಟ್ಸಾಪಿನಲ್ಲಿ. ನಾನು ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಬೋರ್ಡ್ ಹಾಕಿಕೊಂಡೆ. ಈಗ ನಾನೂ ಸೆಲ್ಫ್ ಎಂಪ್ಲಾಯ್ಡ್. 15.3 ಪರ್ಸೆಂಟ್ ಕಟ್ಟುವಾಗ ಪ್ರತಿ ಸಲ ಬೈದುಕೊಂಡೇ ಕಟ್ಟುತ್ತೇನೆ, ಕಟ್ಟುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಉಳಿಸಿಕೊಟ್ಟ ತೆರಿಗೆ ಯಾರ ಜೇಬಿನಿಂದ ಬಂತು ಎಂದು ಕೇಳದವನು ಸಲಹೆಗಾರನಲ್ಲ ಎಂಬುದನ್ನು ಈ ಕಸುಬು ನನಗೆ ಕಲಿಸಿತು. ದೀಪಾವಳಿಯಲ್ಲಿ ಈಗಲೂ "ಶ್ರೀಪತಿ ಅಂಕಲ್ ಮಾಡೋ" ಎನ್ನುತ್ತಾರೆ. ಮಾಡುವುದಿಲ್ಲ. ಆ ಸಾಫ್ಟ್‌ವೇರ್‌ನ ಬಟನ್ನನ್ನೂ ಒತ್ತುವುದಿಲ್ಲ. ಪ್ರತಿ ಹೆಸರನ್ನೂ ಹೊಸದಾಗಿ ಟೈಪ್ ಮಾಡುತ್ತೇನೆ. ಗಂಡ ಒಬ್ಬರೇ ಫೈಲ್ ಹಿಡಿದು ಬಂದರೆ ಕೂರಿಸಿ ಕಾಫಿ ಕೊಡುತ್ತೇನೆ, ಕಂಪ್ಯೂಟರ್ ಮಾತ್ರ ತೆರೆಯುವುದಿಲ್ಲ.

"ಏನಪ್ಪಾ, ಶುರು ಮಾಡಲ್ವಾ?" ಎಂದು ಅವರು ಕೇಳುತ್ತಾರೆ.

"ಆಂಟಿಗೆ ಫೋನ್ ಹಚ್ಚಿ, ಅಂಕಲ್. ಮೊದ್ಲು ಅವರ ದನಿ ಕೇಳ್ಬೇಕು."